ಬಚ್ಚಲ ನೀರಿಗೆ ಗರಿಕೆ ಹಾಸು, ಬೋರಿನ ಮೋಟರಿಗೆ ಬಿಡುವು

ಜಾಗ: ಚಿತ್ರದುರ್ಗ, 40×60 ಸೈಟು. ಮನೆ ಮುಂದೆ 20×20 ಅಡಿ ಹುಲ್ಲುಹಾಸು, ಅಂದರೆ 37 ಚದರ ಮೀಟರ್. ಮಣ್ಣು ಕೆಂಪು ಮಸಾರಿ. ಬೋರಿನಲ್ಲಿ ನೀರಿನ ಮಟ್ಟ ಸುಮಾರು 330 ಅಡಿ, ಒಂದು ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್, ಅಲ್ಲಿಂದ ನೇರ ಮಾಳಿಗೆ ಮೇಲಿನ ಟ್ಯಾಂಕಿಗೆ.

ಹುಲ್ಲುಹಾಸಿನ ಖರ್ಚು ಎಂದರೆ ಗೊಬ್ಬರ, ಮಾಲಿ ಕೂಲಿ ಎಂದು ಲೆಕ್ಕ ಹಾಕುವವರೇ ಹೆಚ್ಚು. ನಮ್ಮ ಕಡೆ ದೊಡ್ಡ ಖರ್ಚು ಮೀಟರ್ ಬಾಕ್ಸಿನಲ್ಲಿ ಕೂತಿರುತ್ತದೆ. ಅದಕ್ಕೇ ಬಚ್ಚಲ ನೀರಿನಲ್ಲೇ ಗರಿಕೆ ಹಾಸು ಬೆಳೆಸುವ ಈ ಕೆಲಸ ಗುದ್ದಲಿಯಿಂದಲ್ಲ, ಮೀಟರಿನಿಂದ ಶುರು.

ಮೀಟರಿನ ಮಿಣುಕು, 20 ಲೀಟರ್ ಕ್ಯಾನು

ಬೆಸ್ಕಾಂ ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಬರೆದಿರುತ್ತದೆ. ಇಲ್ಲಿ 3200. ಮನೆಯ ಉಳಿದೆಲ್ಲ ಸ್ವಿಚ್ಚು ಆರಿಸಿ, ಮೋಟರ್ ಒಂದೇ ಹಾಕಿ, ಒಂದು ನಿಮಿಷ ಎಣಿಸಿದರೆ 58 ಮಿಣುಕು. 58ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.09 ಕಿಲೋವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಅಲ್ಲವೇ ಎನ್ನಬಹುದು. ಅದು ಮೋಟರಿನ ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೀಟರ್ ಎಣಿಸುವುದು ಒಳಗೆ ಹೋದದ್ದನ್ನು.

ಟ್ಯಾಂಕಿನ ಬಾಯಲ್ಲಿ 20 ಲೀಟರ್ ಕ್ಯಾನು ಹಿಡಿದರೆ ತುಂಬಲು ಒಂದು ನಿಮಿಷ. ಸಾವಿರ ಲೀಟರಿಗೆ 50 ನಿಮಿಷ, 0.91 ಯೂನಿಟ್. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು ಬೇಕಾದದ್ದು 2.7 ವ್ಯಾಟ್-ಅವರ್ ಮಾತ್ರ. ಬೋರಿನಿಂದ ಟ್ಯಾಂಕಿನವರೆಗೆ 110 ಮೀಟರಿಗೆ 300 ವ್ಯಾಟ್-ಅವರ್ ಸಾಕಾಗಬೇಕಿತ್ತು. ಉಳಿದ ಎರಡು ಪಾಲು ಮೋಟರಿನ ಬಿಸಿಗೆ, ಪಂಪಿನೊಳಗೆ ನೀರು ತಳ್ಳುವ ಚಕ್ರದ (ಇಂಪೆಲ್ಲರ್) ಸವೆತಕ್ಕೆ, ಪೈಪಿನ ಘರ್ಷಣೆಗೆ ಹೋಗುತ್ತದೆ. ಸಣ್ಣ ಸಬ್‌ಮರ್ಸಿಬಲ್‌ನಲ್ಲಿ ಮೂರರಲ್ಲೊಂದು ಪಾಲು ನೀರಿಗೆ ದಕ್ಕಿದರೆ ಮೋಟರ್ ಚೆನ್ನಾಗಿಯೇ ಇದೆ ಎನ್ನಬೇಕು. ದಾವಣಗೆರೆಯ ಭದ್ರಾ ನಾಲೆ ಬಯಲಿನಲ್ಲಿ ನೀರು ಮೇಲಿರುವ ಕಡೆ ಲೆಕ್ಕ ಇಷ್ಟು ಕಹಿ ಇರುವುದಿಲ್ಲ. ಚಳ್ಳಕೆರೆ, ಹಿರಿಯೂರು ಕಡೆ ಬೋರು ಇನ್ನೂ ಆಳವಾಗಿದ್ದರೆ ಇದಕ್ಕಿಂತ ಕಹಿ.

ಈಗ ಹುಲ್ಲಿನ ಪಾಲು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಪೈಪು ಹಿಡಿಯುವುದು ವಾಡಿಕೆ. ಪೈಪಿನಲ್ಲೂ ನಿಮಿಷಕ್ಕೆ 20 ಲೀಟರ್ ಬರುತ್ತದೆ. ದಿನಕ್ಕೆ 1200 ಲೀಟರ್, ಅಂದರೆ ಪೈಪು ಹಿಡಿದಷ್ಟೇ ಹೊತ್ತು ಮೋಟರೂ ಓಡಬೇಕು. ತಿಂಗಳಿಗೆ 33 ಯೂನಿಟ್. ಹಾಸಿನ ಮೇಲೆ ಹರಡಿ ನೋಡಿದರೆ ಅದು ದಿನಕ್ಕೆ 32 ಮಿಲಿಮೀಟರ್ ಮಳೆ ಸುರಿದಂತೆ. ಗರಿಕೆಗೆ ಬೇಸಿಗೆಯಲ್ಲೂ ಬೇಕಾದದ್ದು ದಿನಕ್ಕೆ ಸುಮಾರು 4 ಮಿ.ಮೀ., ಅಂದರೆ 150 ಲೀಟರ್.

ಹೋಲಿಕೆಗೆ: ಹಳೆ 75 ವ್ಯಾಟಿನ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ ದಿನಕ್ಕೆ 12 ಗಂಟೆ ಓಟಕ್ಕೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಎರಡು ಫ್ಯಾನು ಬದಲಿಸಿದಷ್ಟನ್ನು ಒಂದು ಹುಲ್ಲುಹಾಸು ಕುಡಿಯುತ್ತಿತ್ತು. ಗೃಹಜ್ಯೋತಿಯಲ್ಲಿ ಮನೆಗೆ ನಿಗದಿಯಾದ ಮಿತಿ ಮೀರಿದರೆ ಮೀರಿದಷ್ಟಕ್ಕೆ ಬಿಲ್ಲು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಗಡಿಯ ಹತ್ತಿರ ಇರುವ ಮನೆಗೆ ಈ 33 ಯೂನಿಟ್ ಚಿಕ್ಕದಲ್ಲ.

ಮೋಟರಿನ ಕಡೆ ಸರಿಪಡಿಸಿದ್ದು

ಪ್ಯಾನೆಲ್ಲಿನ ರನ್ ಕೆಪಾಸಿಟರ್ ಮೇಲೆ 36 ಮೈಕ್ರೋಫ್ಯಾರಡ್ ಎಂದಿತ್ತು, ಮಲ್ಟಿಮೀಟರ್ ತೋರಿಸಿದ್ದು 27. ಬರೆದ ಸಂಖ್ಯೆಗಿಂತ ಹತ್ತು ಶೇಕಡಾ ಕೆಳಗಿಳಿದರೆ ಬದಲಿಸಬೇಕು. ಕೆಪಾಸಿಟರ್ ಕುಗ್ಗಿದರೆ ಮೋಟರ್ ಗುಂಯ್‌ಗುಟ್ಟುತ್ತದೆ, ಹೆಚ್ಚು ಆಂಪಿಯರ್ ಎಳೆದು ವೈಂಡಿಂಗ್ ಬಿಸಿಯಾಗುತ್ತದೆ. ಅದೇ ಸಂಖ್ಯೆ, 440 ವೋಲ್ಟಿನದೇ ಹಾಕಿ. "ಸ್ವಲ್ಪ ದೊಡ್ಡದು ಹಾಕಿದರೆ ಮೋಟರ್ ಜೋರು ಓಡುತ್ತೆ" ಎಂಬ ಮಾತು ಕೇಳಬೇಡಿ. ಮುಟ್ಟುವ ಮುಂಚೆ ಮೇನ್ ತೆಗೆದು, ಹೋಲ್ಡರಿಗೆ ಹಾಕಿದ ಹಳೆ 60 ವ್ಯಾಟಿನ ಬಲ್ಬಿನ ಎರಡು ವೈರನ್ನು ಕೆಪಾಸಿಟರಿನ ಎರಡು ಕಡ್ಡಿಗೆ ತಾಗಿಸಿ ಖಾಲಿ ಮಾಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಬೇಡ. ಮೇಲಿನ 58 ಮಿಣುಕು ಹೊಸ ಕೆಪಾಸಿಟರ್ ಕೂರಿಸಿದ ಮೇಲಿನ ಲೆಕ್ಕ.

ಟ್ಯಾಂಕು ತುಂಬಿ ಹರಿಯುವುದಕ್ಕೆ ಫ್ಲೋಟ್ ಸ್ವಿಚ್ಚು. ಇದನ್ನು ಮೋಟರಿನ ವೈರಿಗೆ ನೇರ ಸೇರಿಸಬಾರದು. ಸ್ಟಾರ್ಟ್ ಆಗುವಾಗಿನ ಕರೆಂಟಿಗೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ. ಆಮೇಲೆ ಟ್ಯಾಂಕು ತುಂಬಿದರೂ ಮೋಟರ್ ನಿಲ್ಲದು. ಪ್ಯಾನೆಲ್ಲಿನಲ್ಲಿ ಮೋಟರಿನ ಕರೆಂಟು ಹಾಕಿ ತೆಗೆಯುವ ಕಾಂಟ್ಯಾಕ್ಟರಿನ ಕಾಯಿಲ್ ಲೈನಿನಲ್ಲಿ ಸೇರಿಸಿ.

ಎತ್ತಿದ ನೀರು ವಾಪಸು ಬೋರಿಗೆ ಇಳಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ನೋಡುವ ವಿಧಾನ ಸುಲಭ. ಮೋಟರ್ ನಿಲ್ಲಿಸಿ ಕೇಸಿಂಗಿನ ಪೈಪಿಗೆ ಕಿವಿ ಕೊಡಿ. ನೀರು ಇಳಿಯುವ ಸದ್ದು ಬಂದರೆ, ಅರ್ಧ ಗಂಟೆ ಬಿಟ್ಟು ಹಾಕಿದಾಗ ನೀರು ಬರಲು ನಿಮಿಷಗಟ್ಟಲೆ ಹಿಡಿದರೆ, ವಾಲ್ವ್ ಹೋಗಿದೆ. ನೂರು ಮೀಟರ್ ಪೈಪಿನಲ್ಲಿ ನಿಲ್ಲುವ ನೀರು ಸುಮಾರು 80 ಲೀಟರ್. ಪ್ರತಿ ಸಲ ಅದನ್ನು ಮತ್ತೆ ಎತ್ತಲು ನಾಲ್ಕು ನಿಮಿಷ ದಂಡ. ಕೆಳಗಿನದು ಕೆಟ್ಟಿದ್ದರೆ ಮೇಲೆ ಇನ್ನೊಂದು ಕೂರಿಸಿ ಸುಮ್ಮನಾಗಬೇಡಿ. ನಡುವಿನ ಪೈಪು ಖಾಲಿಯಾಗಿ, ಮುಂದಿನ ಸ್ಟಾರ್ಟಿಗೆ ನೀರು ರಭಸದಿಂದ ಬಡಿದು ಜಾಯಿಂಟ್ ಬಿಡುತ್ತದೆ. ಪಂಪು ಎತ್ತಿದಾಗ ಕೆಳಗೇ ಹೊಸದು ಹಾಕಿಸಬೇಕು. ಇಲ್ಲಿ ವಾಲ್ವ್ ಗಟ್ಟಿ ಇತ್ತು, ಮುಟ್ಟಲಿಲ್ಲ.

ಹಳೆ ಹಾಸು ಕಿತ್ತದ್ದು

ಇದ್ದದ್ದು ನರ್ಸರಿಯಿಂದ ಹಾಳೆ ಲೆಕ್ಕದಲ್ಲಿ ತಂದು ಹಾಸಿದ ಮೆಕ್ಸಿಕನ್ ಹುಲ್ಲು. ಹಾಳೆಯ ಅಡಿಯಲ್ಲಿ ಒಂದಿಂಚು ಜೇಡಿಮಣ್ಣು, ಅದರ ಕೆಳಗೆ ಮಸಾರಿ. ಬೇರು ಆ ಜೇಡಿ ಪದರ ಬಿಟ್ಟು ಕೆಳಗಿಳಿದಿರಲಿಲ್ಲ. ಹೀಗಾದಾಗ ಎಷ್ಟು ನೀರು ಹಾಕಿದರೂ ಮಧ್ಯಾಹ್ನಕ್ಕೆ ಒಣಗುತ್ತದೆ. ಮನೆಯವರು ಇನ್ನಷ್ಟು ಹಾಕುತ್ತಾರೆ, ಬೇರು ಇನ್ನಷ್ಟು ಮೇಲೇ ಉಳಿಯುತ್ತದೆ.

ಕಿತ್ತ ಮೇಲೆ ಹತ್ತು ಇಂಚು ಅಗೆದು ಜೇಕು ಎಂಬ ಕಳೆಯ ಗಡ್ಡೆ ಕೈಯಿಂದಲೇ ಆರಿಸಬೇಕಾಯಿತು. ಏಪ್ರಿಲ್-ಮೇ ಬಿಸಿಲಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕಾರು ವಾರ ಬಿಟ್ಟರೆ ಕಾಂಗ್ರೆಸ್ ಹುಲ್ಲಿನಂಥ ಕಳೆಗಳ ಬೀಜ ಬಹುಪಾಲು ಸಾಯುತ್ತದೆ. ಜೇಕು ಮಾತ್ರ ಬಗ್ಗುವುದಿಲ್ಲ. ಅದರ ಗಡ್ಡೆ ಬಿಸಿ ತಟ್ಟದ ಆಳದಲ್ಲಿ ಕೂತಿರುತ್ತದೆ. ಕಳೆನಾಶಕ ಹೊಡೆಯಬಾರದು ಎಂದು ತೀರ್ಮಾನಿಸಿದವರಿಗೆ ಕುರ್ಚಿಗೆಯೇ ಗತಿ.

ಮಣ್ಣಿಗೆ ಸೇರಿಸಿದ್ದು: ಜರಡಿ ಹಿಡಿದ ಕೆರೆಗೋಡು ಒಂದಿಂಚು ದಪ್ಪ (ಸುಮಾರು 33 ಸಿಎಫ್‌ಟಿ, ಅಂದರೆ ಘನ ಅಡಿ), ಪೂರ್ತಿ ಕಳಿತ ತಿಪ್ಪೆಗೊಬ್ಬರ 110 ಕೆಜಿ, ಬೇವಿನ ಹಿಂಡಿ 4 ಕೆಜಿ. ಗೊಬ್ಬರ ಹಸಿ ಇದ್ದರೆ ಅದರ ಜೊತೆ ಗೊಣ್ಣೆ ಹುಳು ಬಂದು ಬೇರು ಕತ್ತರಿಸುತ್ತದೆ. ಆಗ ಹಾಸು ಚಾಪೆ ಎತ್ತಿದಂತೆ ಕೈಗೆ ಬರುತ್ತದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳಿಂದಾಗಿ ಶೇಂಗಾ ಹಿಂಡಿ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ಅದು ದನಕ್ಕೇ ಸರಿ. ಹುಲ್ಲಿಗೆ ಹಾಕಿದರೆ ಇರುವೆ, ಇಲಿ ಎರಡಕ್ಕೂ ಹಬ್ಬ. ದಾವಣಗೆರೆಯ ಎರೆಮಣ್ಣಿನವರು ಅಕ್ಕಿ ಗಿರಣಿಯ ಹೊಟ್ಟನ್ನು ಬೆರೆಸಿದರೆ ಮಣ್ಣು ಸಡಿಲಾಗುತ್ತದೆ. ಸುಟ್ಟ ಹೊಟ್ಟಿನ ಬೂದಿ ಮಾತ್ರ ಬೇಡ, ಮೊದಲೇ ಕ್ಷಾರವಿರುವ ಎರೆಗೆ ಇನ್ನಷ್ಟು ಕ್ಷಾರ ಸೇರುತ್ತದೆ.

ಬಚ್ಚಲ ಲೈನು

ಇದೇ ಇಡೀ ಕೆಲಸದ ಜೀವ. ಗಿಡ ನೆಡುವ ಮುಂಚೆಯೇ ಪೈಪು ಹೂಳಬೇಕು, ಆಮೇಲೆ ಅಗೆಯಲು ಆಗುವುದಿಲ್ಲ.

ನಾಲ್ಕು ಜನರ ಸ್ನಾನಕ್ಕೆ ತಲೆಗೆ 40 ಲೀಟರ್ ಹಿಡಿದರೆ ದಿನಕ್ಕೆ 160. ಗರಿಕೆಗೆ ಬೇಕಾದ 150ಕ್ಕೆ ಇದೇ ಸಾಕು. ಹಳೆ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ, ತೆಂಗಿಗೆ ಹೋಗುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ಮೊದಲು ನೋಡಬೇಕಾದ್ದು ಎರಡು. ಬಚ್ಚಲ ನೆಲದ ನೀರು ಹೊರಹೋಗುವ ಬಾಯಿಯ (ನಹಾನಿ ಟ್ರ್ಯಾಪ್) ಪೈಪು ಕಕ್ಕಸಿನ ಲೈನಿಗೆ ಗೋಡೆಯೊಳಗೇ ಸೇರಿದ್ದರೆ ಇದು ಆಗದ ಮಾತು. ಹೊರಗೆ ಬೇರೆಯಾಗಿ ಬಂದು ಚೇಂಬರಿಗೆ ಬೀಳುತ್ತಿದ್ದರೆ ಮಾತ್ರ ಕೈ ಹಾಕಿ. ಎರಡನೆಯದು ಮಟ್ಟ. ಪೈಪು ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಕೇಳುತ್ತದೆ. ಬಚ್ಚಲಿನಿಂದ ಹುಲ್ಲುಹಾಸಿಗೆ 10 ಮೀಟರ್ ಎಂದರೆ 20 ಸೆಂ.ಮೀ. ಬೇಕು. ಎರಡಡಿ ಪಾಯ ಎತ್ತರದ ಮನೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಪಂಪು ಇಟ್ಟು ಎತ್ತುವ ಯೋಚನೆ ಬೇಡ, ಉಳಿಸಿದ ಕರೆಂಟು ಅಲ್ಲೇ ಹೋಗುತ್ತದೆ.

ಹಾಕಿದ ಸಾಮಾನು: ಮುಖ್ಯ ಲೈನಿಗೆ 75 ಮಿ.ಮೀ. ಪಿವಿಸಿ, ಹಾಸಿನ ತಲೆಗೆ ಅಡ್ಡಲಾಗಿ ಸಾಲುಗಳಿಗೆ ನೀರು ಹಂಚುವ ಹೆಡರ್ ಪೈಪು 50 ಮಿ.ಮೀ., ಹಾಸಿನೊಳಗೆ 40 ಮಿ.ಮೀ.ನ ಹತ್ತು ಸಾಲು, ತಲಾ 18 ಅಡಿ. ಸಾಲಿನಿಂದ ಸಾಲಿಗೆ ಎರಡಡಿ. ಎರೆಮಣ್ಣಿನಲ್ಲಿ ನೀರು ಅಡ್ಡಕ್ಕೆ ಹೆಚ್ಚು ಹರಡುವುದರಿಂದ ಎರಡೂವರೆ ಅಡಿಗೆ ಒಂದರಂತೆ ಎಂಟು ಸಾಲು ಸಾಕು. ಪ್ರತಿ ಸಾಲಿನಲ್ಲಿ ಅಡಿಗೊಂದು ಜೊತೆ 8 ಮಿ.ಮೀ. ತೂತು, ಗಡಿಯಾರದಲ್ಲಿ ಐದು ಮತ್ತು ಏಳು ಇರುವ ಜಾಗದಲ್ಲಿ, ಕೆಳಮುಖವಾಗಿ. ಮೇಲ್ಮುಖ ತೂತಿಗೆ ಮಣ್ಣು ಇಳಿಯುತ್ತದೆ. ನೇರ ಅಡಿಯಲ್ಲಿ ಮಾಡಿದರೆ ಪೈಪಿನ ತಳದ ಕೆಸರು ಬಂದು ಕೂರುತ್ತದೆ. ತೂತಿನ ಅಂಚಿನಲ್ಲಿ ಉಳಿದ ಚೂಪು ತುಣುಕು (ಬರ್) ಚಾಕುವಿನಿಂದ ಹೆರೆಯದಿದ್ದರೆ ಕೂದಲು ಅಲ್ಲೇ ಸಿಕ್ಕುತ್ತದೆ. ಸಾಲಿನ ಕೊನೆಗೆ ಅಂಟಿಸುವ ಕ್ಯಾಪ್ ಅಲ್ಲ, ತಿರುಚುವ ಪ್ಲಗ್ಗು.

ಕಾಲುವೆ 4 ಇಂಚು ಅಗಲ, 10 ಇಂಚು ಆಳ. ಕೆಳಗಿನ 6 ಇಂಚಿಗೆ ತೊಳೆದ 20 ಮಿ.ಮೀ. ಜಲ್ಲಿ, ಪೈಪು ಜಲ್ಲಿಯ ನಡುವೆ. ಹತ್ತು ಸಾಲಿಗೆ ಸುಮಾರು 30 ಸಿಎಫ್‌ಟಿ ಜಲ್ಲಿ ಹಿಡಿಯಿತು. ಜಲ್ಲಿಯ ಸಂದಿನಲ್ಲಿ ನಿಲ್ಲುವ ನೀರು 330 ಲೀಟರ್. ಹಾಗಾಗಿ ಎಲ್ಲರೂ ಒಟ್ಟಿಗೆ ಸ್ನಾನ ಮುಗಿಸಿದರೂ ನೀರು ಮೇಲುಕ್ಕುವುದಿಲ್ಲ. ಜಲ್ಲಿಯ ಮೇಲೆ ಹಳೆ ಪಾಲಿಯೆಸ್ಟರ್ ಸೀರೆ ಎರಡು ಮಡಿಕೆ, ಅದರ ಮೇಲೆ ನಾಲ್ಕು ಇಂಚು ಮಣ್ಣು. ಗೋಣಿತಾಟು ಹಾಕಿದರೆ ಕೊಳೆತು ಮಣ್ಣು ಕೆಳಗಿಳಿಯುತ್ತದೆ.

ಹತ್ತು ಸಾಲಿಗೂ ನೀರು ಸಮ ಹಂಚುವುದು ಕಷ್ಟದ ಭಾಗ. ಹೆಡರ್ ಒಂದು ಸೆಂಟಿಮೀಟರ್ ಓರೆಯಾದರೂ ತಗ್ಗಿನ ಸಾಲೇ ಎಲ್ಲ ನುಂಗುತ್ತದೆ. ಗಾರೆ ಕೆಲಸದವರ ನೀರಿನ ಟ್ಯೂಬಿನಲ್ಲಿ ಪ್ರತಿ ಟೀ (T ಆಕಾರದ ಜಾಯಿಂಟು) ಬಾಯಿಯ ಮಟ್ಟ ಹಿಡಿದು ಕೂರಿಸಿ. ಅದರ ಮೇಲೂ ಐದೈದು ಸಾಲಿನ ಎರಡು ಭಾಗ ಮಾಡಿ ಎರಡು ಬಾಲ್ ವಾಲ್ವ್ ಹಾಕಿದ್ದು. ಒಂದು ದಿನ ಎಡಭಾಗ, ಮರುದಿನ ಬಲ. ಸಾಲುಗಳು ಮಟ್ಟಸವಾಗಿರಲಿ. ಅಲ್ಲೂ ಇಳಿಜಾರು ಕೊಟ್ಟರೆ ನೀರೆಲ್ಲ ತುದಿಗೆ ಓಡಿ, ತುದಿ ಹಸಿರು, ತಲೆ ಹಳದಿ.

ಬಚ್ಚಲ ಹೊರಗೆ ಎರಡಡಿ ಚದರದ ಚೇಂಬರ್. ಅದರಲ್ಲಿ ಎತ್ತಿ ತೊಳೆಯಬಹುದಾದ ಸ್ಟೀಲ್ ಜಾಲರಿ ಬುಟ್ಟಿ, ಅಡಿಗೆ 40 ಮಿ.ಮೀ. ಜಲ್ಲಿ, ಅಷ್ಟೇ. ಮರಳು, ಇದ್ದಿಲು ಪದರ ಹಾಕುವ ಚಿತ್ರಗಳು ಎಲ್ಲೆಡೆ ಓಡಾಡುತ್ತವೆ. ಸೋಪಿನ ಜಿಡ್ಡಿಗೆ ಮರಳು ಕೆಲವೇ ವಾರದಲ್ಲಿ ಗಟ್ಟಿ ಕಟ್ಟುತ್ತದೆ. ಹುಲ್ಲಿಗೆ ಹೋಗುವ ನೀರನ್ನು ಸೋಸುವ ಕೆಲಸ ಮಣ್ಣೇ ಮಾಡುತ್ತದೆ, ಕೂದಲು ಮತ್ತು ನಾರು ತಡೆದರೆ ಸಾಕು. ಚೇಂಬರಿನಿಂದ ಚರಂಡಿಗೆ ಇನ್ನೊಂದು ಬಾಯಿ, ಅದಕ್ಕೂ ವಾಲ್ವ್. ತುಂಬಿದರೆ ಹೊರಹೋಗಲು ಸ್ವಲ್ಪ ಎತ್ತರದಲ್ಲಿ ವಾಲ್ವ್ ಇಲ್ಲದ ಒಂದು ಪೈಪು ಇರಲೇಬೇಕು, ಇಲ್ಲದಿದ್ದರೆ ನೀರು ಬಚ್ಚಲಿಗೇ ವಾಪಸು ಬರುತ್ತದೆ.

ಈ ನೀರನ್ನು ಡ್ರಮ್ಮಿನಲ್ಲಿ ಕೂಡಿಡಬಾರದು. ಒಂದು ದಿನ ದಾಟಿದರೆ ನಾರುತ್ತದೆ, ಮುಚ್ಚಳ ಸರಿಯಿಲ್ಲದಿದ್ದರೆ ಸೊಳ್ಳೆಗೆ ತೊಟ್ಟಿಲು. ಸ್ಪ್ರಿಂಕ್ಲರಿನಲ್ಲಿ ಹಾರಿಸುವುದೂ ತಪ್ಪು.

ವಾಷಿಂಗ್ ಮಷೀನಿನ ನೀರು

ಸೋಪಿನ ಪುಡಿಯಲ್ಲಿ ಹೆಚ್ಚಿನದು ಸೋಡಿಯಂ ಲವಣ. ಮೊದಲ ಸಲ ಹೊರಬರುವ ನೊರೆ ನೀರು ಚರಂಡಿಗೇ ಹೋಗಲಿ. ಆಮೇಲಿನ ಜಾಲಾಡಿಸಿದ ನೀರು ಮಾತ್ರ ಹುಲ್ಲಿಗೆ. ಮಷೀನಿನ ಹಿಂದೆ ಒಂದು ಟೀ, ಎರಡು ವಾಲ್ವ್ ಇಟ್ಟು ಕೈಯಿಂದಲೇ ತಿರುಗಿಸುವುದು. ಅಷ್ಟು ನೆನಪಿಡುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮಷೀನಿನ ನೀರು ಪೂರ್ತಿ ಚರಂಡಿಗೆ ಬಿಡಿ, ಬಚ್ಚಲ ನೀರೇ ಸಾಕು.

ಮಷೀನಿನ ಹೋಸನ್ನು ಪೈಪಿಗೆ ಗಾಳಿಯಾಡದಂತೆ ಬಿಗಿದರೆ ಇನ್ನೊಂದು ತೊಂದರೆ ಬರುತ್ತದೆ. ಹುಲ್ಲಿನ ಕಡೆ ತಗ್ಗು ಇರುವುದರಿಂದ ಸೈಫನ್ ಹಿಡಿದು, ಮಷೀನು ತುಂಬಿಕೊಳ್ಳುತ್ತಿರುವಾಗಲೇ ಖಾಲಿಯಾಗುತ್ತದೆ. ಮಷೀನು ನೀರು ತುಂಬುತ್ತಲೇ ಇದ್ದು ಕೊನೆಗೆ ಎರರ್ ತೋರಿಸಿ ನಿಲ್ಲುತ್ತದೆ. ಎರಡು ಇಂಚಿನ ಪೈಪನ್ನು ನೆಲದಿಂದ ಸುಮಾರು ಮೂರಡಿ ನಿಲ್ಲಿಸಿ, ಅದರ ಬಾಯಿಗೆ ಹೋಸನ್ನು ಸಡಿಲವಾಗಿ ತೂಗಿಬಿಡಿ. ಹೋಸಿನ ತುದಿಗೆ ಹಳೆ ನೈಲಾನ್ ಸಾಕ್ಸ್ ಕಟ್ಟಿದರೆ ಬಟ್ಟೆಯ ನಾರು ಅಲ್ಲೇ ನಿಲ್ಲುತ್ತದೆ.

ಲೈನಿಗೆ ಯಾವುದು ಬೇಡ

ಅಡುಗೆ ಮನೆ ನೀರು ಬೇಡ, ಎಣ್ಣೆ ಮತ್ತು ಅನ್ನದ ಅಗುಳು ಜಲ್ಲಿಯನ್ನು ಮುಚ್ಚುತ್ತವೆ. ಎಣ್ಣೆ ಸ್ನಾನದ ದಿನ, ಬಚ್ಚಲು ಫಿನಾಯಿಲ್ ಅಥವಾ ಆ್ಯಸಿಡ್ ಹಾಕಿ ತೊಳೆಯುವ ದಿನ, ತಲೆಗೆ ಬಣ್ಣ ಹಚ್ಚಿದ ದಿನ, ಮಗುವಿನ ಬಟ್ಟೆ ಜಾಲಾಡಿಸಿದಾಗ ವಾಲ್ವ್ ಚರಂಡಿ ಕಡೆ. ಆರ್‌ಓ ಹೊರಹಾಕುವ ನೀರಿನಲ್ಲಿ ಬೋರಿನ ಲವಣವೆಲ್ಲ ಇನ್ನೂ ದಟ್ಟವಾಗಿರುತ್ತದೆ, ಅದು ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ.

ಗಡಸು ನೀರಿಗೆ ಸಾಫ್ಟನರ್ ಹಾಕಿಸಿಕೊಂಡ ಮನೆಗಳು ಈ ಕೆಲಸಕ್ಕೇ ಕೈ ಹಾಕಬಾರದು. ಸಾಫ್ಟನರ್ ಮಾಡುವುದೇ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವ ಕೆಲಸ. ಆ ನೀರಿನಿಂದ ಮಣ್ಣಿನ ಹೆಂಟೆ ಒಡೆದು ಪುಡಿಯಾಗಿ, ಸಂದು ಮುಚ್ಚಿ, ನೀರು ಇಂಗದಂತಾಗುತ್ತದೆ. ಎರೆಮಣ್ಣಿನಲ್ಲಿ ಇದು ಬೇಗ ಕಾಣುತ್ತದೆ. ಸಾಫ್ಟನರ್ ಇಲ್ಲದ ಮನೆಯಲ್ಲೂ ಸೋಡಿಯಂ ನಿಧಾನವಾಗಿ ಸೇರುತ್ತದೆ. ಲಕ್ಷಣ ಮೂರು: ಮಳೆ ನೀರು ಗಂಟೆಗಟ್ಟಲೆ ನಿಲ್ಲುವುದು, ಮೇಲೆ ಬಿಳಿ ಪೊರೆ, ಗರಿಕೆಯ ತುದಿ ಸುಟ್ಟಂತಾಗುವುದು. ಮದ್ದು ಜಿಪ್ಸಂ, ಚದರ ಮೀಟರಿಗೆ 250 ಗ್ರಾಂ, ಈ ಹಾಸಿಗೆ 9 ಕೆಜಿ. ಮಳೆಗಾಲದ ಮುಂಚೆ ಎರಚಿ. ಜಿಪ್ಸಂ ಬಿಡಿಸಿದ ಸೋಡಿಯಂ ಕೆಳಗೆ ತೊಳೆದು ಹೋಗಲು ಮಳೆ ಬೇಕು, ಬೇಸಿಗೆಯಲ್ಲಿ ಹಾಕಿ ಸುಮ್ಮನೆ ಬಿಟ್ಟರೆ ಪ್ರಯೋಜನವಿಲ್ಲ.

ನಾಟಿ

ಚಿತ್ರದುರ್ಗಕ್ಕೆ ಮಳೆ ಕೈಕೊಡದೆ ಬರುವುದು ಸೆಪ್ಟೆಂಬರ್, ಅಕ್ಟೋಬರ್. ಹುಬ್ಬೆ ಮಳೆಗೆ ನೆಟ್ಟರೆ ಉತ್ತರೆ, ಹಸ್ತೆ ಕೈಹಿಡಿಯುತ್ತವೆ. ಗಣಪನ ಹಬ್ಬವೂ ಆ ಹೊತ್ತಿಗೇ ಬರುವುದರಿಂದ ಗರಿಕೆಯೂ ಹುಲುಸಾಗಿರುತ್ತದೆ. ಬದುವಿನಿಂದ ತಂದ ಗರಿಕೆಯಲ್ಲಿ ಜೇಕು ಬೆರೆತಿರುತ್ತದೆ, ಬೇರು ತೊಳೆದು ಆರಿಸಿ. ಮೂರು ಗೆಣ್ಣಿನ ತುಂಡು ಮಾಡಿ, ಆರಿಂಚಿಗೊಂದು, ಎರಡು ಗೆಣ್ಣು ಮಣ್ಣೊಳಗೆ. ಈ ಹಾಸಿಗೆ ಸುಮಾರು 1650 ತುಂಡು. ಮೊದಲ ಎರಡು ವಾರ ಬೇರು ಇನ್ನೂ ಜಲ್ಲಿ ಸಾಲಿಗೆ ಮುಟ್ಟಿರದ ಕಾರಣ ಮೇಲಿನಿಂದಲೇ ಒಳ್ಳೆಯ ನೀರು ಕೊಡಬೇಕು. ಆರೆಂಟು ವಾರದಲ್ಲಿ ಹಾಸು ಮುಚ್ಚಿಕೊಳ್ಳುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಕಡೆ ಗರಿಕೆ ಹಿಡಿಯದು. ಇಲ್ಲಿ ಬೇವಿನ ಮರದ ನೆರಳಿನ ಮೂಲೆಗೆ ಹುಲ್ಲೇ ಹಾಕಲಿಲ್ಲ, ಉದುರೆಲೆ ಹರಡಿ ಬಿಟ್ಟದ್ದು.

ಈ ಹಾಸಿನ ಗರಿಕೆ ಪೂಜೆಗೂ ಬೇಡ, ರಸ ಹಿಂಡಿ ಕುಡಿಯಲಂತೂ ಬೇಡ. ಅದಕ್ಕೆ ಬೇರೆ ಕುಂಡದಲ್ಲಿ ನಾಲ್ಕು ಕಡ್ಡಿ ನೆಟ್ಟು ಟ್ಯಾಂಕಿನ ನೀರು ಹಾಕಿ.

ತಳ್ಳು ಮಷೀನು

ಇಷ್ಟು ಹಾಸಿಗೆ ಕರೆಂಟಿನ, ಪೆಟ್ರೋಲಿನ ಮಷೀನು ದಂಡ. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಕೈ ತಳ್ಳುವ ರೀಲ್ ಮಷೀನನ್ನೇ ಸರಿ ಮಾಡಿದ್ದು. ಹುಲ್ಲನ್ನು ಕತ್ತರಿಸದೆ ಮಡಿಸಿ ಬಿಡುತ್ತಿದ್ದರೆ ರೀಲಿಗೂ ಕೆಳಗಿನ ಪಟ್ಟಿಗೂ ನಡುವೆ ಅಂತರ ಹೆಚ್ಚಿದೆ ಎಂದರ್ಥ. ಎರಡೂ ಬದಿಯ ಸ್ಕ್ರೂ ಕಾಲು ಸುತ್ತಿನಂತೆ ಬಿಗಿಯುತ್ತ, ನ್ಯೂಸ್‌ಪೇಪರ್ ತುಂಡು ಇಟ್ಟು ರೀಲ್ ಕೈಯಿಂದ ತಿರುಗಿಸಿ ನೋಡಬೇಕು. ಪಟ್ಟಿಯ ಉದ್ದಕ್ಕೂ ಕಾಗದ ಕತ್ತರಿಯಲ್ಲಿ ಕತ್ತರಿಸಿದಂತೆ ಬಂದರೆ ಸರಿ. ತೀರಾ ಬಿಗಿದರೆ ತಳ್ಳಲು ಭಾರ, ಅಲಗು ಬೇಗ ಸವೆಯುತ್ತದೆ.

ಅಲಗು ಮೊಂಡಾಗಿದ್ದರೆ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಬ್ರಷ್ಷಿನಿಂದ ಎಲ್ಲ ಅಲಗಿಗೂ ಹಚ್ಚಿ, ರೀಲನ್ನು ಹಿಮ್ಮುಖ ತಿರುಗಿಸಬೇಕು. ಗಾಲಿಯೊಳಗಿನ ಹಲ್ಲುಚಕ್ರದ ರ‍್ಯಾಚೆಟ್ ಕಡ್ಡಿಯಿಂದಾಗಿ ಗಾಲಿ ಹಿಂದೆ ತಳ್ಳಿದರೆ ರೀಲ್ ತಿರುಗದು. ಒಂದು ಗಾಲಿ ಬಿಚ್ಚಿ, ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ತೆಗೆದು, ರೀಲಿನ ಶಾಫ್ಟನ್ನೇ ಹಿಡಿದು ತಿರುಗಿಸಿ. ಅಂಚಿನ ಉದ್ದಕ್ಕೂ ಸಣ್ಣ ಹೊಳೆಯುವ ಗೆರೆ ಕಂಡ ಮೇಲೆ ನಿಲ್ಲಿಸಿ, ಪೇಸ್ಟನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಪೂರ್ತಿ ತೊಳೆದು, ಬೇರಿಂಗಿಗೆ ಗ್ರೀಸ್ ತುಂಬಿ ಮತ್ತೆ ಕಾಗದದಲ್ಲಿ ಪರೀಕ್ಷಿಸಿ. ಗಾಲಿ ಬಿಚ್ಚುವಾಗ ರ‍್ಯಾಚೆಟ್ ಕಡ್ಡಿ ಹಾರಿ ಹೋಗುತ್ತದೆ, ಅಡಿಗೆ ಬಟ್ಟೆ ಹಾಸಿಕೊಳ್ಳಿ. ಎಡ-ಬಲ ಕಡ್ಡಿ ಅದಲು ಬದಲಾದರೆ ಮುಂದೆ ತಳ್ಳಿದರೂ ರೀಲ್ ತಿರುಗುವುದಿಲ್ಲ.

ಎತ್ತರ ಒಂದೂವರೆ ಇಂಚು, ಮಾರ್ಚಿನಿಂದ ಮೇವರೆಗೆ ಎರಡು ಇಂಚು. ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ ಪುಡಿ ಹಾಸಿನ ಮೇಲೇ ಬೀಳಲಿ, ಹುಲ್ಲು ಕೇಳುವ ಸಾರಜನಕದ ಕಾಲುಭಾಗದಷ್ಟು ಅದರಿಂದಲೇ ಸಿಗುತ್ತದೆ. ಊರಿಗೆ ಹೋಗಿ ಬಂದಾಗ ಹುಲ್ಲು ಮೊಳಕಾಲು ಮುಟ್ಟಿದ್ದರೆ ರೀಲ್ ಮಷೀನು ಹತ್ತುವುದಿಲ್ಲ, ಮೊದಲು ಕುಡುಗೋಲು.

ವಾಡಿಕೆಯ ನಿಗಾ

ಜಾಲರಿ ಬುಟ್ಟಿ ವಾರಕ್ಕೊಮ್ಮೆ ತೊಳೆಯುವುದು. ವರ್ಷಕ್ಕೆರಡು ಸಲ ಸಾಲಿನ ತುದಿಯ ಪ್ಲಗ್ಗು ಬಿಚ್ಚಿ, ತಲೆಯಿಂದ ಪೈಪು ಹಿಡಿದು ಕೆಸರು ಹೊರಗೆ ತಳ್ಳುವುದು. ಹತ್ತಿರ ತೆಂಗು ಇದ್ದರೆ ಆಗಲೇ ತೂತಿನಿಂದ ಒಳಬಂದ ಬೇರು ಕಾಣುತ್ತದೆ, ಎಳೆದು ತೆಗೆಯಿರಿ. ಮಳೆ ಹಿಡಿದ ವಾರಗಳಲ್ಲಿ ಎರಡೂ ಬಾಲ್ ವಾಲ್ವ್ ಬಂದ್ ಮಾಡಿ ಚರಂಡಿಯದನ್ನು ತೆರೆಯಿರಿ. ಯಾವ ವಾಲ್ವ್ ಯಾವುದಕ್ಕೆ ಎಂದು ಪೇಂಟಿನಲ್ಲಿ ಚೇಂಬರಿನ ಮುಚ್ಚಳದ ಮೇಲೇ ಬರೆದಿಡಿ. ಮೂರು ತಿಂಗಳಿಗೊಮ್ಮೆ ಮೋಟರಿನ ಮಿಣುಕು ಮತ್ತು ಕ್ಯಾನು ತುಂಬುವ ಹೊತ್ತು ಎರಡನ್ನೂ ಮತ್ತೆ ಎಣಿಸಿ. ಮಿಣುಕು ಅಷ್ಟೇ ಇದ್ದು ಕ್ಯಾನು ತುಂಬಲು ಹೆಚ್ಚು ಹೊತ್ತು ಹಿಡಿದರೆ ಬೋರಿನ ಮಟ್ಟ ಇಳಿದಿದೆ, ಇಲ್ಲವೇ ಇಂಪೆಲ್ಲರ್ ಸವೆದಿದೆ. ಮಿಣುಕು ಏರಿದ್ದರೆ ಮೊದಲು ಕೆಪಾಸಿಟರ್ ನೋಡಿ.